ಒಂದೇ ಕಂಪ್ಯೂಟರ್, ಎರಡು ಬೂಟ್ ಡಿಸ್ಕ್: ಹಳೇ ವಿಂಡೋಸ್ ಸೆವೆನ್ ಬಿಡುವ ಹಾಗಿಲ್ಲ, ಹೊಸದೂ ಬೇಕು

ಪ್ರಶ್ನೆ (ಗದಗ, ಡಿಟಿಪಿ ಕೆಲಸ)

ಎಲ್ಲರಿಗೂ ನಮಸ್ಕಾರ. ನಾನು ಗದಗದ ಒಂದು ಸಣ್ಣ ಪ್ರೆಸ್‌ನಲ್ಲಿ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಇವೇ ಜಾಸ್ತಿ. ಕಂಪ್ಯೂಟರ್ ಹಳೆಯದು: ನಾಲ್ಕನೇ ತಲೆಮಾರಿನ ಐ3, ಎಚ್81 ಬೋರ್ಡ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅದರಲ್ಲಿ 32 ಬಿಟ್ ವಿಂಡೋಸ್ 7 ಇದೆ. ಪೇಜ್‌ಮೇಕರ್ 7, ಹಳೇ ಕನ್ನಡ ಫಾಂಟು, ಅದು ನಡೆಯಲು ಕೀಲಿಯಂತೆ ಸಿಕ್ಕಿಸುವ ಡಾಂಗಲ್, ಎಲ್ಲ ಅದರ ಮೇಲೆಯೇ ನಡೆಯುತ್ತಿವೆ. ಹನ್ನೊಂದು ವರ್ಷದ ಫೈಲುಗಳಿವೆ. ಹಳೇ ಗಿರಾಕಿ ಬಂದು "ಹೋದ ವರ್ಷದ್ದೇ ಪತ್ರಿಕೆ, ತಾರೀಕು ಬದಲಿಸಿ ಕೊಡ್ರಿ" ಅಂದರೆ ಅದನ್ನು ತೆಗೆಯಲೇಬೇಕು.

ಆದರೆ ಈಗ ಮೇಲ್, ವಾಟ್ಸಾಪ್ ವೆಬ್, ಯೂನಿಕೋಡ್ ಮ್ಯಾಟರು, ಯಾವುದೂ ಸೆವೆನ್‌ನಲ್ಲಿ ಸರಿಯಾಗಿ ಆಗುತ್ತಿಲ್ಲ. ಮಾಲೀಕರು ಒಂದು 500 ಜಿಬಿ ಸಾಟಾ ಎಸ್‌ಎಸ್‌ಡಿ ತಂದುಕೊಟ್ಟಿದ್ದಾರೆ. ಹಳೇ ಡಿಸ್ಕ್ ಇದ್ದ ಹಾಗೇ ಇರಲಿ, ಹೊಸದರಲ್ಲಿ ಬೇರೆ ಓಎಸ್ (ವಿಂಡೋಸ್ ಥರದ ಮೂಲ ಸಾಫ್ಟ್‌ವೇರ್) ಹಾಕಿ, ಬೇಕಾದಾಗ ಬೇಕಾದ್ದು ತೆರೆಯೋಣ ಅನ್ನುವುದು ನಮ್ಮ ಆಸೆ. ಹೀಗೆ ಎರಡು ಬೂಟ್ ಡಿಸ್ಕ್, ಅಂದರೆ ಕಂಪ್ಯೂಟರ್ ತೆರೆದುಕೊಳ್ಳುವ ಡಿಸ್ಕ್, ಒಟ್ಟಿಗೆ ಇದ್ದರೆ ಕಂಪ್ಯೂಟರ್‌ಗೆ ಗೊಂದಲ ಆಗುತ್ತಾ? ಹಳೇ ಫೈಲಿಗೆ ಏನಾದರೂ ಆಗುತ್ತಾ? ಇನ್ನೊಬ್ಬರು "ಎರಡನೇ ಡಿಸ್ಕ್ ಯಾಕೆ, ಹಳೇ ಡಿಸ್ಕ್‌ನಲ್ಲೇ ಪಾರ್ಟಿಶನ್ ಮಾಡಿ ಎರಡೂ ಹಾಕಬಹುದು" ಅಂದರು. ಯಾವುದು ಒಳ್ಳೆಯದು? ಸರ್, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ (ಹಾರ್ಡ್‌ವೇರ್ ಸರ್ವೀಸ್, 22 ವರ್ಷದಿಂದ)

ಅಕ್ಕಾ, ಗೊಂದಲ ಆಗುವುದಿಲ್ಲ. ಹಳೇ ಫೈಲಿಗೂ ಏನೂ ಆಗುವುದಿಲ್ಲ. ಆದರೆ ಒಂದು ಮಾತು ನಡೆಸಿಕೊಡಬೇಕು. ಹೊಸ ಡಿಸ್ಕ್‌ಗೆ ಓಎಸ್ ಹಾಕುವ ಹೊತ್ತಿನಲ್ಲಿ ಹಳೇ ಡಿಸ್ಕ್‌ನ ಕೇಬಲ್ ಬಿಚ್ಚಿಟ್ಟಿರಬೇಕು. ಬರೀ ಹುಷಾರಾಗಿರುತ್ತೇನೆ ಅಂದರೆ ಸಾಲದು, ಬಿಚ್ಚಲೇಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಬ್ಬ ಮೇಷ್ಟ್ರ ಕಂಪ್ಯೂಟರ್‌ಗೆ ಎರಡನೇ ಡಿಸ್ಕ್ ಹಾಕಿದೆ. ಎರಡೂ 160 ಜಿಬಿ, ಎರಡೂ ಒಂದೇ ಕಂಪನಿಯವು. ಪರದೆಯಲ್ಲಿ ಡಿಸ್ಕ್ 0, ಡಿಸ್ಕ್ 1 ಅಂತ ಮಾತ್ರ ಬಂತು. ನಾನು ತಪ್ಪು ಡಿಸ್ಕ್ ಫಾರ್ಮ್ಯಾಟ್ ಮಾಡಿಬಿಟ್ಟೆ. ಮಗಳ ಮದುವೆಯ ಫೋಟೊ ಎಲ್ಲ ಅದರಲ್ಲೇ ಇದ್ದವು. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಆವತ್ತಿನಿಂದ ಕೇಬಲ್ ಬಿಚ್ಚದೆ ನಾನು ಓಎಸ್ ಹಾಕಿಲ್ಲ. ನಿಮ್ಮ ಎರಡು ಡಿಸ್ಕ್‌ಗಳೂ 500 ಜಿಬಿಯವೇ, ನೋಡಿ.

ಇನ್ನೊಂದು ಕಾರಣವೂ ಇದೆ. ಓಎಸ್ ಹಾಕುವಾಗ ಇನ್‌ಸ್ಟಾಲರ್ ಮೊದಲು ಸುತ್ತಮುತ್ತ ನೋಡುತ್ತದೆ. ಈಗಾಗಲೇ ಒಂದು ಡಿಸ್ಕ್‌ನಲ್ಲಿ ಬೂಟ್ ಫೈಲುಗಳ ಜಾಗ ಸಿಕ್ಕಿದರೆ, ತನ್ನ ಬೂಟ್ ಫೈಲನ್ನೂ ಅಲ್ಲೇ ಇಟ್ಟುಬಿಡುತ್ತದೆ. ವಿಂಡೋಸ್ ಹೀಗೆ ಮಾಡುವುದು ಬಹಳ. ಆಮೇಲೆ ಎರಡು ಓಎಸ್ ಇದ್ದರೂ ಬಾಗಿಲು ಒಂದೇ. ಆ ಡಿಸ್ಕ್ ಕೆಟ್ಟರೆ ಎರಡೂ ನಿಲ್ಲುತ್ತವೆ. ಹಾಗಾಗಬಾರದು. ಇನ್ನೊಂದನ್ನು ಕಿತ್ತು ಹೊರಗಿಟ್ಟರೂ ಪ್ರತಿ ಡಿಸ್ಕ್ ತಾನೇ ಬೂಟ್ ಆಗಬೇಕು. ಅದಕ್ಕೇ ಒಂದೇ ಡಿಸ್ಕ್‌ನಲ್ಲಿ ಪಾರ್ಟಿಶನ್ ಮಾಡಿ ಎರಡು ಹಾಕುವುದು ನಿಮಗೆ ಬೇಡ ಅನ್ನುತ್ತೇನೆ. ಹನ್ನೊಂದು ವರ್ಷ ತಿರುಗಿದ ಡಿಸ್ಕ್ ಅದು. ಅದರ ಪಾರ್ಟಿಶನ್ ಕುಗ್ಗಿಸಲು ಹೋಗುವುದೇ ಅಪಾಯ.

ಈಗ ಯಾವ ಓಎಸ್ ಅನ್ನುವುದಕ್ಕೆ ಬರೋಣ. ವಿಂಡೋಸ್ 11 ನಿಮ್ಮ ಬೋರ್ಡ್‌ಗೆ ಅಧಿಕೃತವಾಗಿ ಆಗುವುದಿಲ್ಲ. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚು ಕಡಿಮೆ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ನಾನು ಲಿನಕ್ಸ್ ಅನ್ನುವ ಬೇರೆ ಓಎಸ್‌ನ ಬಗೆಗಳಾದ ಮಿಂಟ್ ಅಥವಾ ಉಬುಂಟು ಹಾಕಿ ಅನ್ನುತ್ತೇನೆ. ದುಡ್ಡು ಕೊಡಬೇಕಿಲ್ಲ. ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತದೆ. ಬ್ರೌಸರ್, ಮೇಲ್, ಪಿಡಿಎಫ್‌ಗೆ ಧಾರಾಳ ಆಯಿತು. ಸಾಧ್ಯವಾದರೆ ಇನ್ನೊಂದು 4 ಜಿಬಿ ಡಿಡಿಆರ್3 ರ್‍ಯಾಮ್ ಹಾಕಿಸಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ.

ಕೆಲಸಕ್ಕೆ ಇಳಿಯುವ ಮುಂಚೆ ಹನ್ನೊಂದು ವರ್ಷದ ಫೈಲುಗಳನ್ನು ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ. ಫಾಂಟ್ ಫೋಲ್ಡರ್ ಮರೆಯಬೇಡಿ, ಫೈಲಿದ್ದು ಫಾಂಟ್ ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಹಾಗೆಯೇ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಹಳೇ ಡಿಸ್ಕ್‌ನ ಆರೋಗ್ಯ ನೋಡಿ. ನೀಲಿಯಲ್ಲಿ "ಗುಡ್" ಅಂತಿದ್ದರೆ ಸರಿ. ಹಳದಿ ಬಣ್ಣದಲ್ಲಿ "ಕಾಶನ್" ಅಂತ ತೋರಿಸಿದರೆ ಉಳಿದ ಮಾತು ಆಮೇಲೆ, ಬ್ಯಾಕಪ್ ಅವತ್ತೇ ಆಗಬೇಕು.

ಆಮೇಲೆ ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಸ್ವಿಚ್ಚೂ ಆಫ್ ಮಾಡಿ, ಪವರ್ ಬಟನ್ ಒಂದೆರಡು ಸಲ ಒತ್ತಿ. ಉಳಿದ ಕರೆಂಟ್ ಇಳಿಯಲಿ. ಕ್ಯಾಬಿನೆಟ್‌ನ ಬರಿ ಲೋಹ ಒಮ್ಮೆ ಮುಟ್ಟಿ. ಹಳೇ ಡಿಸ್ಕ್‌ನಿಂದ ಡೇಟಾ ಕೇಬಲ್ ಮತ್ತು ಪವರ್ ಕೇಬಲ್ ಎರಡೂ ಬಿಚ್ಚಿ. ಹೊಸ ಎಸ್‌ಎಸ್‌ಡಿಯನ್ನು ಬೋರ್ಡ್‌ಗೆ ಸೇರಿಸಿ. ಎಚ್81ರಲ್ಲಿ ನಾಲ್ಕು ಸಾಟಾ ಪೋರ್ಟ್ ಇರುತ್ತವೆ. ಎರಡು 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. ಎಸ್‌ಎಸ್‌ಡಿ 6ರ ಪೋರ್ಟ್‌ಗೇ ಹೋಗಲಿ. ಯಾವುದು ಯಾವುದು ಅನ್ನುವುದು ಬೋರ್ಡ್ ಮೇಲೆಯೇ ಅಚ್ಚಾಗಿರುತ್ತದೆ, ಬಹಳ ಕಡೆ ಬಣ್ಣವೂ ಬೇರೆ. ಹಳೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರೈವತ್ತು, ಇನ್ನೂರು ಎಂಬಿ ಓದಿದರೆ ಹೆಚ್ಚು, ಅದಕ್ಕೆ 3ರ ಪೋರ್ಟ್ ಸಾಕು.

ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನಲ್ಲಿ ಇನ್ನೊಂದು ಸಾಟಾ ಪವರ್ ತುದಿ ಇಲ್ಲದಿದ್ದರೆ ಅಂಗಡಿಯವರು ಹಳೇ ಬಗೆಯ ಪವರ್ ತುದಿಯನ್ನು ಸಾಟಾ ಮಾಡುವ ಮೋಲೆಕ್ಸ್ ಟು ಸಾಟಾ ಕನ್ವರ್ಟರ್ ಕೊಡುತ್ತಾರೆ. ಅದರಲ್ಲಿ ತಂತಿಗಳ ಮೇಲೆ ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕಿದ ಅಗ್ಗದ ಮಾದರಿ ಬೇಡ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟಿದ್ದು ನನ್ನ ಟೇಬಲ್ ಮೇಲೆಯೇ ನೋಡಿದ್ದೇನೆ. ತಂತಿಗಳು ಬಿಡಿಬಿಡಿಯಾಗಿ ಕಾಣುವ, ಹಿಂದೆ ಮುಚ್ಚಳ ಇರುವ ಮಾದರಿ ಕೇಳಿ. ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆದರೂ ಅದನ್ನೇ ತನ್ನಿ.

ಪೆನ್ ಡ್ರೈವ್‌ನಿಂದ ಮಿಂಟ್ ಹಾಕಿ, ಹೊಸ ಡಿಸ್ಕ್ ತಾನಾಗಿ ಬೂಟ್ ಆಗುವುದನ್ನು ಎರಡು ಸಲ ನೋಡಿ. ಆಮೇಲೆ ಆಫ್ ಮಾಡಿ ಹಳೇ ಡಿಸ್ಕ್ ಮತ್ತೆ ಸೇರಿಸಿ. ಇನ್ನು ಮೇಲೆ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತಿದರೆ ಎರಡು ಡಿಸ್ಕ್‌ಗಳ ಹೆಸರೂ ಬರುತ್ತವೆ. ಬೇಕಾದ್ದು ಆರಿಸಿ. ಗಿಗಾಬೈಟ್ ಬೋರ್ಡ್ ಆದರೆ ಆ ಕೀ ಎಫ್12, ಏಸಸ್ ಆದರೆ ಎಫ್8, ಎಂಎಸ್‌ಐ ಮತ್ತು ಎಎಸ್‌ರಾಕ್‌ಗೆ ಎಫ್11. ಏನೂ ಒತ್ತದಿದ್ದರೆ ಯಾವುದು ತೆರೆಯಬೇಕು ಅನ್ನುವುದನ್ನು ಬೋರ್ಡ್‌ನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನ ಬೂಟ್ ಆರ್ಡರ್‌ನಲ್ಲಿ ಮೊದಲು ಇಡಿ. ದಿನಾ ಜಾಸ್ತಿ ಬಳಸುವುದನ್ನು ಇಟ್ಟರೆ ಒಳ್ಳೆಯದು.

ಪ್ರಶ್ನೆ (ಗದಗ)

ತುಂಬಾ ಉಪಕಾರ ಆಯಿತು ಸರ್. ಬ್ಯಾಕಪ್ ಇವತ್ತೇ ಶುರು ಮಾಡಿದೆ. ಡಿಸ್ಕ್ "ಗುಡ್" ತೋರಿಸುತ್ತಿದೆ. ಪೆನ್ ಡ್ರೈವ್ ಹಾಕಿ ಬೂಟ್ ಮೆನು ತೆಗೆದರೆ ಅದೇ ಪೆನ್ ಡ್ರೈವ್ ಎರಡು ಸಲ ಕಾಣಿಸುತ್ತದೆ. ಒಂದರ ಮುಂದೆ ಯುಇಎಫ್‌ಐ ಅಂತ ಇದೆ, ಇನ್ನೊಂದಕ್ಕೆ ಇಲ್ಲ. ಯಾವುದು ಒತ್ತಲಿ?

ಉತ್ತರ

ಒಳ್ಳೇ ಪ್ರಶ್ನೆ ಅಕ್ಕಾ. ಬಹಳ ಜನ ಇಲ್ಲಿ ಯಾವುದೋ ಒಂದು ಒತ್ತಿ ಮುಂದೆ ಹೋಗುತ್ತಾರೆ, ಆಮೇಲೆ ತೊಂದರೆ ಪಡುತ್ತಾರೆ.

ಬೂಟ್ ಆಗುವುದಕ್ಕೆ ಎರಡು ದಾರಿ ಇವೆ. ಹಳೇ ದಾರಿಗೆ ಲೆಗಸಿ ಅನ್ನುತ್ತಾರೆ. ಅದರಲ್ಲಿ ಬಯೋಸ್ ಡಿಸ್ಕ್‌ನ ಮೊಟ್ಟಮೊದಲ 512 ಬೈಟ್ ಮಾತ್ರ ಓದಿ, ಅಲ್ಲಿರುವ ಚಿಕ್ಕ ಪ್ರೋಗ್ರಾಮಿಗೆ ಕೆಲಸ ಒಪ್ಪಿಸುತ್ತದೆ. ಇದಕ್ಕೆ ಎಂಬಿಆರ್ ಅಂತ ಹೆಸರು. ಪಾರ್ಟಿಶನ್‌ಗಳ ಪಟ್ಟಿಯೂ ಅದೇ 512 ಬೈಟ್ ಒಳಗೇ ಇರಬೇಕು. ಅದಕ್ಕೇ ನಾಲ್ಕು ಪ್ರೈಮರಿ ಪಾರ್ಟಿಶನ್‌ಗಿಂತ ಹೆಚ್ಚು ಆಗುವುದಿಲ್ಲ, 2 ಟಿಬಿ ದಾಟುವುದಿಲ್ಲ. ಹೊಸ ದಾರಿ ಯುಇಎಫ್‌ಐ. ಇದಕ್ಕೆ ಡಿಸ್ಕ್‌ನಲ್ಲಿ ಫ್ಯಾಟ್32ರ ಒಂದು ಸಣ್ಣ ಪಾರ್ಟಿಶನ್ ಇರುತ್ತದೆ, ಇಎಫ್‌ಐ ಪಾರ್ಟಿಶನ್ ಅಂತ. ಬೋರ್ಡ್ ಅದನ್ನು ತಾನೇ ತೆರೆದು, ಅಲ್ಲಿಯ ಬೂಟ್ ಫೈಲನ್ನು ಓಡಿಸುತ್ತದೆ. ಯಾವ ಡಿಸ್ಕ್‌ನ ಯಾವ ಫೈಲ್ ಅನ್ನುವುದನ್ನು ಬೋರ್ಡ್‌ನ ಚಿಪ್ಪಿನಲ್ಲೇ ಬರೆದಿಟ್ಟುಕೊಳ್ಳುತ್ತದೆ.

ನಿಮ್ಮ ಸೆವೆನ್ 32 ಬಿಟ್‌ನದು, ಅಂದರೆ ಅದು ಲೆಗಸಿ ದಾರಿಯದ್ದೇ. ಅದನ್ನು ಮುಟ್ಟಬೇಡಿ. ಹೊಸ ಡಿಸ್ಕ್‌ಗೆ ಯುಇಎಫ್‌ಐ ಅಂತ ಇರುವುದನ್ನು ಒತ್ತಿ. ನಾಳೆ ಈ ಬೋರ್ಡ್ ಹೋಗಿ ಹೊಸದು ಬಂದರೆ, ಈಗಿನ ಬಹಳಷ್ಟು ಬೋರ್ಡ್‌ಗಳಲ್ಲಿ ಲೆಗಸಿ ದಾರಿಯೇ ಇರುವುದಿಲ್ಲ. ಆಗ ಆ ಎಸ್‌ಎಸ್‌ಡಿ ಹಾಗೇ ಎತ್ತಿ ಹಾಕಬಹುದು.

ಎರಡು ದಾರಿ ಒಟ್ಟಿಗೆ ಇರಬೇಕು ಅಂದರೆ ಬಯೋಸ್‌ನಲ್ಲಿ ಸಿಎಸ್‌ಎಂ, ಅಂದರೆ ಲೆಗಸಿ ದಾರಿಗೆ ಅವಕಾಶ ಕೊಡುವ ಸೆಟ್ಟಿಂಗ್, ಆನ್ ಇರಲಿ, ಸಹಿ ಇಲ್ಲದ ಬೂಟ್ ಫೈಲ್ ತಡೆಯುವ ಸೆಕ್ಯೂರ್ ಬೂಟ್ ಆಫ್ ಇರಲಿ. ಒಂದು ವಿಷಯ ಮೊದಲೇ ತಿಳಿದಿರಲಿ. ಮಿಂಟ್ ಏಳುವಾಗ ಓಎಸ್ ಆರಿಸಲು ಬರುವ ಗ್ರಬ್ ಮೆನುವಿನಿಂದ ನಿಮ್ಮ ಸೆವೆನ್ ತೆರೆಯುವುದಿಲ್ಲ. ಯುಇಎಫ್‌ಐನಲ್ಲಿ ಎದ್ದ ಗ್ರಬ್‌ಗೆ ಲೆಗಸಿಯ ವಿಂಡೋಸ್ ಎಬ್ಬಿಸಲು ಬರುವುದಿಲ್ಲ. ನಿಮಗೆ ಬೂಟ್ ಮೆನು ಕೀಯೇ ದಾರಿ. ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಒಂದರ ಹಂಗು ಇನ್ನೊಂದಕ್ಕೆ ಇರುವುದಿಲ್ಲ.

ಸಾಟಾಗಿಂತ ಮುಂಚಿನ ಐಡಿಇ ಕಾಲದಲ್ಲಿ ಒಂದೇ ಅಗಲ ಪಟ್ಟಿ ಕೇಬಲ್‌ಗೆ ಎರಡು ಡಿಸ್ಕ್ ಹಾಕುತ್ತಿದ್ದೆವು. ಡಿಸ್ಕ್‌ನ ಹಿಂಬದಿಯ ಪಿನ್‌ಗಳ ಮೇಲಿನ ಪುಟ್ಟ ಜಂಪರ್ ಕಿತ್ತು ಹಾಕಿ ಒಂದನ್ನು ಮಾಸ್ಟರ್, ಒಂದನ್ನು ಸ್ಲೇವ್ ಮಾಡಬೇಕಿತ್ತು. ಎರಡೂ ಮಾಸ್ಟರ್ ಆದರೆ ಎರಡೂ ಕಾಣಿಸುತ್ತಿರಲಿಲ್ಲ. ಸಾಟಾ ಬಂದ ಮೇಲೆ ಒಂದು ಕೇಬಲ್‌ಗೆ ಒಂದೇ ಡಿಸ್ಕ್. ಜಂಪರ್ ಹುಡುಕುವ ಕೆಲಸ ಇಲ್ಲ.

ಇನ್ನೊಬ್ಬರ ಮಾತು (ಬೆಂಗಳೂರು, ಸಾಫ್ಟ್‌ವೇರ್ ಕೆಲಸ)

ಅಕ್ಕಾ, ಸೆವೆನ್ ಅನ್ನು ವರ್ಚುವಲ್‌ಬಾಕ್ಸ್ (ಒಂದು ಓಎಸ್ ಒಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್) ಒಳಗೆ ಹಾಕಿಕೊಂಡರೆ ರೀಸ್ಟಾರ್ಟ್ ಮಾಡುವ ಗೋಜೇ ಇರುವುದಿಲ್ಲ ಅಲ್ವಾ? ನಾನು ಹಾಗೇ ಬಳಸುತ್ತೇನೆ.

ಉತ್ತರ

ಒಳ್ಳೇ ಸಲಹೆ, ಬೇರೆಯವರಿಗೆ ಖಂಡಿತ ಉಪಯೋಗ ಆಗುತ್ತದೆ. ಇವರ ವಿಷಯದಲ್ಲಿ ಎರಡು ತೊಡಕಿವೆ. 4 ಜಿಬಿ ರ್‍ಯಾಮ್‌ನಲ್ಲಿ ಒಳಗೊಂದು ಹೊರಗೊಂದು ಓಎಸ್ ಓಡಿಸಿದರೆ ಎರಡೂ ತೆವಳುತ್ತವೆ. ಇನ್ನು ಡಾಂಗಲ್. ಯುಎಸ್‌ಬಿಯದಾದರೆ ಒಳಗೆ ಕೊಡುವುದಕ್ಕೆ ದಾರಿ ಇದೆ, ಎಲ್ಲ ಡಾಂಗಲ್ ಒಪ್ಪುವುದಿಲ್ಲ. ಹಳೇ ಪ್ಯಾರಲಲ್ ಪೋರ್ಟ್‌ನದಾದರೆ ಇನ್ನೂ ಕಷ್ಟ. ನಡೆಯುತ್ತಿರುವ ಪ್ರೆಸ್‌ನಲ್ಲಿ ಪ್ರಯೋಗ ಮಾಡುವುದಕ್ಕಿಂತ ನಡೆಯುತ್ತಿರುವ ಡಿಸ್ಕ್ ಹಾಗೇ ಬಿಡುವುದು ಲೇಸು. ರ್‍ಯಾಮ್ ಹೆಚ್ಚಾದ ಮೇಲೆ ನಿಧಾನವಾಗಿ ನೋಡಬಹುದು.

ಸೆವೆನ್‌ಗೆ ಸಪೋರ್ಟ್ 2020ರ ಜನವರಿ 14ಕ್ಕೇ ಮುಗಿದಿದೆ. ಹಾಗಾಗಿ ಅಕ್ಕಾ, ಸೆವೆನ್ ತೆರೆದಾಗ ಇಂಟರ್‌ನೆಟ್ ಬೇಡ. ಅದರೊಳಗೆ ನೆಟ್‌ವರ್ಕ್ ಅಡಾಪ್ಟರ್ ಡಿಸೇಬಲ್ ಮಾಡಿಬಿಡಿ. ಮೇಲ್‌ನಲ್ಲಿ ಬಂದ ಫೈಲನ್ನು ಮಿಂಟ್‌ನಲ್ಲಿ ಇಳಿಸಿ, ಹಳೇ ಡಿಸ್ಕ್‌ನ ಫೋಲ್ಡರ್‌ಗೆ ಹಾಕಿ, ಆಮೇಲೆ ಸೆವೆನ್‌ನಲ್ಲಿ ತೆರೆಯಿರಿ. ಮಿಂಟ್‌ಗೆ ವಿಂಡೋಸ್ ಡಿಸ್ಕ್ ಓದಲು ಬರೆಯಲು ಬರುತ್ತದೆ. ಸೆವೆನ್‌ಗೆ ಮಿಂಟ್‌ನ ಡಿಸ್ಕ್ ಓದಲು ಬರುವುದಿಲ್ಲ. ಎಂದಾದರೂ ಸೆವೆನ್ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಲೇ" ಅಂತ ಅಥವಾ "ಇನಿಶಿಯಲೈಸ್ ಮಾಡಲೇ" ಅಂತ ಕೇಳಿದರೆ ಬೇಡ ಅನ್ನಿ. ಅಂಗಡಿಯಲ್ಲಿ ಕೂರುವ ಎಲ್ಲರಿಗೂ ಇದನ್ನು ಹೇಳಿಡಿ.

ಪ್ರಶ್ನೆ (ಮೈಸೂರು, ಇಂಜಿನಿಯರಿಂಗ್ ವಿದ್ಯಾರ್ಥಿ)

ಸರ್, ನನ್ನದು ಹೊಸ ಡೆಸ್ಕ್‌ಟಾಪ್. ಬೋರ್ಡ್ ಮೇಲೆಯೇ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 11 ಇದೆ. ಕಾಲೇಜು ಕೆಲಸಕ್ಕೆ ಉಬುಂಟು ಬೇಕು, ಅದಕ್ಕೆ ಬೇರೆ ಸಾಟಾ ಎಸ್‌ಎಸ್‌ಡಿ ತಂದೆ. ಮೊದಲನೇ ತೊಂದರೆ, ಆ ಎಸ್‌ಎಸ್‌ಡಿ ಬಯೋಸ್‌ನಲ್ಲೇ ಕಾಣುತ್ತಿಲ್ಲ. ಎರಡನೇದು, ಎನ್‌ವಿಎಂಇ ಬಿಚ್ಚಬೇಕು ಅಂದರೆ ಗ್ರಾಫಿಕ್ಸ್ ಕಾರ್ಡ್ ತೆಗೆಯಬೇಕು. ಬಿಚ್ಚದೆ ಆಗಲ್ವಾ?

ಉತ್ತರ

ಕಾಣದೇ ಇರುವುದಕ್ಕೆ ಎಸ್‌ಎಸ್‌ಡಿ ಕೆಟ್ಟಿದೆ ಅಂದುಕೊಂಡು ವಾಪಸ್ ಕೊಡಬೇಡಪ್ಪ. ಬಹಳ ಬೋರ್ಡ್‌ಗಳಲ್ಲಿ ಎನ್‌ವಿಎಂಇ ಕೂರುವ ಎಂ.2 ಸ್ಲಾಟ್ ಮತ್ತು ಕೆಲವು ಸಾಟಾ ಪೋರ್ಟ್ ಒಂದೇ ಲೈನ್ ಹಂಚಿಕೊಂಡಿರುತ್ತವೆ. ಎಂ.2 ತುಂಬಿದರೆ ಆ ಸಾಟಾ ಪೋರ್ಟ್ ಸತ್ತ ಹಾಗೆ. ಬೋರ್ಡ್‌ನ ಮ್ಯಾನ್ಯುವಲ್‌ನಲ್ಲಿ ಯಾವ ಪೋರ್ಟ್ ಅಂತ ಬರೆದಿರುತ್ತದೆ. ಮ್ಯಾನ್ಯುವಲ್ ಸಿಗದಿದ್ದರೆ ಸುಮ್ನೆ ಬೇರೆ ಪೋರ್ಟ್‌ಗೆ ಬದಲಿಸಿ ನೋಡು. ನನ್ನ ಹತ್ತಿರ ಬಂದ ಇಂಥ ಕೇಸುಗಳಲ್ಲಿ ಬಹಳ ಸಲ ಅಷ್ಟರಲ್ಲೇ ಸರಿಯಾಗಿದೆ.

ಬಿಚ್ಚುವ ಮಾತಿಗೆ ಬಂದರೆ, ಗ್ರಾಫಿಕ್ಸ್ ಕಾರ್ಡ್ ತೆಗೆದು ಹಾಕುವುದು ಹತ್ತು ನಿಮಿಷದ ಕೆಲಸ. ನಾನಾದರೆ ಬಿಚ್ಚುತ್ತೇನೆ. ಕೈ ನಡುಗುತ್ತದೆ ಅಂದರೆ ಕೆಲವು ಬೋರ್ಡ್‌ಗಳ ಬಯೋಸ್‌ನಲ್ಲಿ ಎಂ.2 ಸ್ಲಾಟನ್ನೇ ಡಿಸೇಬಲ್ ಮಾಡಬಹುದು, ಅದನ್ನು ಹುಡುಕು. ಅದೂ ಇಲ್ಲದಿದ್ದರೆ ಮಾತ್ರ ಎರಡೂ ಇಟ್ಟುಕೊಂಡು ಹಾಕು. ಆಗ ಡಿಸ್ಕ್‌ನ ಮಾಡೆಲ್ ಹೆಸರು ನೋಡಿ ಆರಿಸು. ಲಿನಕ್ಸ್‌ನಲ್ಲಿ ಸಾಟಾ ಡಿಸ್ಕ್‌ಗೆ ಎಸ್‌ಡಿಎ ಥರದ ಹೆಸರು, ಎನ್‌ವಿಎಂಇಗೆ ಎನ್‌ವಿಎಂಇ ಅಂತಲೇ ಶುರುವಾಗುವ ಹೆಸರು, ಅದು ನಿನಗೆ ಅನುಕೂಲ. ಆದರೆ ಬೂಟ್‌ಲೋಡರ್ (ಓಎಸ್ ಎಬ್ಬಿಸುವ ಪ್ರೋಗ್ರಾಮ್) ಸಾಟಾ ಡಿಸ್ಕ್‌ಗೆ ಅಂತ ನೀನು ಆರಿಸಿದರೂ ಉಬುಂಟುವಿನ ಹಳೇ ಇನ್‌ಸ್ಟಾಲರ್ ಮೊದಲ ಡಿಸ್ಕ್‌ನ ಇಎಫ್‌ಐ ಪಾರ್ಟಿಶನ್‌ನಲ್ಲೇ ಇಟ್ಟಿದ್ದು ಎಷ್ಟೋ ಸಲ ಆಗಿದೆ. ಮುಗಿದ ಮೇಲೆ ಸಾಟಾ ಡಿಸ್ಕ್‌ನ ಇಎಫ್‌ಐ ಪಾರ್ಟಿಶನ್ ತೆರೆದು, ಅಲ್ಲಿ ಉಬುಂಟು ಅನ್ನುವ ಫೋಲ್ಡರ್ ಇದೆಯಾ ನೋಡು. ಇಲ್ಲದಿದ್ದರೆ ಅದು ವಿಂಡೋಸ್ ಡಿಸ್ಕ್ ಮೇಲೆ ಕೂತಿದೆ ಅಂತಲೇ.

ಇದಕ್ಕೆಲ್ಲ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಮೈಕ್ರೊಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ವಿಂಡೋಸ್ 11 ಕಂಪ್ಯೂಟರ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುವುದು ಉಂಟು. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಅಥವಾ ಬೂಟ್ ಆರ್ಡರ್ ಬದಲಿಸಿದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡೇಟಾ ಹೋಯಿತು ಅಂತಲೇ ತಿಳಿ. ನಾನೂ ಏನೂ ಮಾಡಲಾರೆ, ಬೇರೆ ಯಾರೂ ಮಾಡಲಾರರು. ನಿನ್ನ ಮೈಕ್ರೊಸಾಫ್ಟ್ ಖಾತೆಯ ಪುಟದಲ್ಲಿ ಕೀ ಇರುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಂಡು ಆಮೇಲೆ ಕ್ಯಾಬಿನೆಟ್‌ಗೆ ಕೈಹಾಕು. ಉಬುಂಟುಗೆ ಸೆಕ್ಯೂರ್ ಬೂಟ್ ಆನ್ ಇದ್ದರೂ ನಡೆಯುತ್ತದೆ, ಹಾಗಾಗಿ ಅದನ್ನು ಆಫ್ ಮಾಡುವ ಅಗತ್ಯ ಇಲ್ಲ.

ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡು. ಅದು ಆನ್ ಇದ್ದರೆ ಶಟ್‌ಡೌನ್ ಅಂದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ಕೆಲಸ ಡಿಸ್ಕ್‌ನಲ್ಲಿ ಬರೆದಿಟ್ಟು ಹೋಗುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ಆ ಡಿಸ್ಕ್‌ಗೆ ಬರೆದರೆ ಫೈಲ್ ಕೆಡಬಹುದು. ಅದಕ್ಕೇ ಲಿನಕ್ಸ್ ಅದನ್ನು ಓದಲು ಮಾತ್ರ ಬಿಡುತ್ತದೆ.

ಪ್ರಶ್ನೆ (ದಾವಣಗೆರೆ, ಕಿರಾಣಿ ಅಂಗಡಿ)

ಸಾರ್, ನನ್ನದು ಉಲ್ಟಾ ಕತೆ. ಎರಡು ವರ್ಷದ ಹಿಂದೆ ಒಂದು ಕಡೆ ಎನ್‌ವಿಎಂಇ ಹಾಕಿಸಿ, ಅದರಲ್ಲಿ ವಿಂಡೋಸ್ 11 ಹಾಕಿಸಿದೆ. ಹಳೇ 1 ಟಿಬಿ ಡಿಸ್ಕ್ ಡೇಟಾಗೆ ಇತ್ತು. ಈಚೆಗೆ ಅದು ಕಟಕಟ ಅನ್ನುತ್ತಿತ್ತು. ಹೇಗೂ ವಿಂಡೋಸ್ ಹೊಸದರಲ್ಲಿದೆಯಲ್ಲ ಅಂತ ಅದನ್ನು ತೆಗೆದೆ. ಈಗ ಬೂಟ್ ಡಿವೈಸ್ ಇಲ್ಲ ಅನ್ನುತ್ತದೆ. ಬಿಲ್ಲಿಂಗ್ ನಿಂತಿದೆ.

ಉತ್ತರ

ನಿಮ್ಮ ವಿಂಡೋಸ್ ಹಾಗೇ ಇದೆ ಅಣ್ಣಾ, ಗಾಬರಿ ಬೇಡ. ಹಾಕುವಾಗ ಎರಡೂ ಡಿಸ್ಕ್ ಸೇರಿಸಿಟ್ಟೇ ಹಾಕಿದ್ದಾರೆ. ಬೂಟ್ ಫೈಲ್ ಹಳೇ ಡಿಸ್ಕ್‌ನ ಇಎಫ್‌ಐ ಪಾರ್ಟಿಶನ್‌ನಲ್ಲಿ ಉಳಿದಿದೆ, ಮೇಲೆ ನಾನು ಹೇಳಿದ್ದು ಇದನ್ನೇ. ಮನೆ ಹೊಸದು, ಬೀಗದ ಕೀ ಹಳೇ ಮನೆಯಲ್ಲಿ ಅನ್ನುವ ಹಾಗೆ.

ಕಟಕಟ ಅನ್ನುವ ಡಿಸ್ಕ್ ಅನ್ನು ಪದೇ ಪದೇ ಆನ್ ಮಾಡಬೇಡಿ. ಅದರಲ್ಲಿ ಬೇಕಾದ ಡೇಟಾ ಇದ್ದರೆ ಒಂದೇ ಸಲ ಸೇರಿಸಿ ಮೊದಲು ಅದನ್ನು ಕಾಪಿ ಮಾಡಿಕೊಳ್ಳಿ. ಬೂಟ್ ಸರಿ ಮಾಡಲು ಅದು ಬೇಕಿಲ್ಲ.

ವಿಂಡೋಸ್ 11ರ ಇನ್‌ಸ್ಟಾಲ್ ಪೆನ್ ಡ್ರೈವ್ ಹಾಕಿ ಬೂಟ್ ಮಾಡಿ. ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಕಮಾಂಡ್ ಕಿಟಕಿ ಬರುತ್ತದೆ. ಅಲ್ಲಿ ಪಾರ್ಟಿಶನ್ ಕೆಲಸದ ಕಮಾಂಡ್ ಆದ ಡಿಸ್ಕ್‌ಪಾರ್ಟ್ ಓಡಿಸಿ. ವಾಲ್ಯೂಮ್‌ಗಳ ಪಟ್ಟಿ ತೆಗೆದು ವಿಂಡೋಸ್ ಇರುವ ಡ್ರೈವ್ ಯಾವ ಅಕ್ಷರದಲ್ಲಿದೆ ನೋಡಿ. ಈ ಪರದೆಯಲ್ಲಿ ಅದು ಸಿ ಆಗಿರಲೇಬೇಕು ಅಂತಿಲ್ಲ. ಆ ವಾಲ್ಯೂಮ್ ಆರಿಸಿ, ಶ್ರಿಂಕ್ ಮಾಡಿ 300 ಎಂಬಿ ಬಿಡಿಸಿ. ಆ ಜಾಗದಲ್ಲಿ 260 ಎಂಬಿಯ ಇಎಫ್‌ಐ ಪಾರ್ಟಿಶನ್ ಮಾಡಿ, ಫ್ಯಾಟ್32ಗೆ ಕ್ವಿಕ್ ಫಾರ್ಮ್ಯಾಟ್ ಮಾಡಿ, ಎಸ್ ಅನ್ನುವ ಅಕ್ಷರ ಕೊಡಿ. ಡಿಸ್ಕ್‌ಪಾರ್ಟ್‌ನಿಂದ ಹೊರಗೆ ಬಂದು ಬಿಸಿಡಿಬೂಟ್ ಕಮಾಂಡ್‌ಗೆ ಮೂರು ವಿಷಯ ಹೇಳಬೇಕು: ವಿಂಡೋಸ್ ಫೋಲ್ಡರ್ ಎಲ್ಲಿದೆ, ಬೂಟ್ ಫೈಲ್ ಎಸ್ ಡ್ರೈವ್‌ಗೆ ಹಾಕು, ಯುಇಎಫ್‌ಐ ರೀತಿ ಹಾಕು. "ಬೂಟ್ ಫೈಲ್ಸ್ ಸಕ್ಸೆಸ್‌ಫುಲಿ ಕ್ರಿಯೇಟೆಡ್" ಅಂತ ಬಂದರೆ ಪೆನ್ ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ.

ಶ್ರಿಂಕ್ ಅಥವಾ ಫಾರ್ಮ್ಯಾಟ್ ಮುಂಚೆ ಪ್ರತಿ ಸಲ "ಯಾವ ಡಿಸ್ಕ್ ಆರಿಸಿದ್ದೇನೆ" ಅಂತ ಪಟ್ಟಿಯಲ್ಲಿ ನಕ್ಷತ್ರದ ಗುರುತು ನೋಡಿ. ಈ ಕಮಾಂಡ್‌ಗಳು ಎರಡನೇ ಸಲ ಕೇಳುವುದಿಲ್ಲ. ಭಯ ಆದರೆ ಪರಿಚಯದ ಸರ್ವೀಸ್‌ನವರಿಗೆ ಇದನ್ನೇ ಓದಿ ಹೇಳಿ, ಅರ್ಧ ಗಂಟೆಯ ಕೆಲಸ. ವಿಂಡೋಸ್ ಹೊಸದಾಗಿ ಹಾಕಿಬಿಡೋಣ ಅಂದರೆ ಒಪ್ಪಬೇಡಿ, ಬಿಲ್ಲಿಂಗ್ ಡೇಟಾ ಹೋಗುತ್ತದೆ.

ಪ್ರಶ್ನೆ (ಮೈಸೂರು)

ಸರ್, ಬೇರೆ ಪೋರ್ಟ್‌ಗೆ ಹಾಕಿದೆ, ಕಂಡಿತು! ಕಾರ್ಡ್ ತೆಗೆದು ಎನ್‌ವಿಎಂಇ ಬಿಚ್ಚಿಯೇ ಉಬುಂಟು ಹಾಕಿದೆ. ಎರಡೂ ನಡೆಯುತ್ತಿವೆ. ಆದರೆ ಉಬುಂಟು ಬಳಸಿ ವಿಂಡೋಸ್‌ಗೆ ಹೋದರೆ ಟೈಮ್ ತಪ್ಪು. ಬೆಳಗ್ಗೆ ಹತ್ತು ಗಂಟೆಗೆ ನಾಲ್ಕೂವರೆ ತೋರಿಸುತ್ತದೆ. ಬೋರ್ಡ್‌ನ ಸೆಲ್ ಹೋಗಿದೆಯಾ?

ಉತ್ತರ

ಸೆಲ್ ಚೆನ್ನಾಗಿದೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದೆ, ನೋಡಿದೆಯಾ? ನಮ್ಮ ಸಮಯಕ್ಕೂ ಜಾಗತಿಕ ಯುಟಿಸಿ ಸಮಯಕ್ಕೂ ಇರುವ ಅಂತರವೇ ಅದು. ಬೋರ್ಡ್‌ನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಬರೆದಿಡುತ್ತದೆ. ವಿಂಡೋಸ್ ಅದನ್ನೇ ಊರಿನ ಸಮಯ ಅಂದುಕೊಳ್ಳುತ್ತದೆ. ವಿಂಡೋಸ್ ಅದನ್ನು ಸರಿಮಾಡಿದ ಮೇಲೆ ಉಬುಂಟುಗೆ ಹೋದರೆ ಅಲ್ಲಿ ಐದೂವರೆ ಗಂಟೆ ಮುಂದೆ ಹೋಗಿರುತ್ತದೆ. ನೆಟ್ ಸಿಕ್ಕಾಗ ಸರಿಹೋಗುತ್ತದೆ, ಮತ್ತೆ ಕೆಡುತ್ತದೆ.

ಉಬುಂಟು ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಡು. ಅದೂ ಊರಿನ ಸಮಯವನ್ನೇ ಬರೆಯುತ್ತದೆ. ಬೇಸಿಗೆಗೆ ಗಡಿಯಾರ ಮುಂದಿಡುವ ದೇಶಗಳಲ್ಲಿ ಇದರಿಂದ ತೊಡಕಾಗುತ್ತದೆ ಅನ್ನುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ, ಹಾಗಾಗಿ ಧೈರ್ಯವಾಗಿ ಮಾಡು. ಗದಗದ ಅಕ್ಕನಿಗೂ ಇದು ಬೇಕಾಗುತ್ತದೆ. ಸೆವೆನ್‌ಗೆ ನೆಟ್ ಇರುವುದಿಲ್ಲವಲ್ಲ, ತಾನಾಗಿ ಸರಿಹೋಗುವ ದಾರಿಯೂ ಇಲ್ಲ.

ಪ್ರಶ್ನೆ (ಗದಗ, ಎಂಟು ದಿನದ ಮೇಲೆ)

ಸರ್, ಆಯಿತು! ನೀವು ಹೇಳಿದ ಹಾಗೇ ಹಳೇದು ಬಿಚ್ಚಿ, ಮಿಂಟ್ ಹಾಕಿ, ಮತ್ತೆ ಸೇರಿಸಿದೆ. ಮಿಂಟ್‌ನಲ್ಲಿ ಮೇಲ್ ತೆಗೆದು, ಸೆವೆನ್‌ನಲ್ಲಿ ಪೇಜ್‌ಮೇಕರ್ ತೆರೆದು ಒಂದು ಲಗ್ನಪತ್ರಿಕೆಯನ್ನೂ ಮುಗಿಸಿದೆ. ಟೈಮೂ ಸರಿ ಮಾಡಿದೆ. ಎಫ್12 ಅಂತ ಒಂದು ಚೀಟಿ ಬರೆದು ಮಾನಿಟರ್‌ಗೆ ಅಂಟಿಸಿದ್ದೇವೆ. ಇವತ್ತು ಮಾತ್ರ ಕರೆಂಟ್ ಹೋಗಿ ಬಂದ ಮೇಲೆ ತಾರೀಕು ಎಲ್ಲೋ ಹಿಂದಕ್ಕೆ ಹೋಗಿ, ಮಿಂಟ್ ಬರುವ ಕಡೆ ತಾನಾಗಿ ಸೆವೆನ್ ತೆರೆಯಿತು. ಹಳೇ ಡಿಸ್ಕ್‌ನ ಒಂದು ಪ್ರತಿಯನ್ನೂ ಮಾಡಿಸೋಣ ಅಂತ ಮಾಲೀಕರು ಹೇಳಿದ್ದಾರೆ. ಏನಾದರೂ ನೋಡಿಕೊಳ್ಳಬೇಕಾ?

ಉತ್ತರ

ಬಹಳ ಸಂತೋಷ ಆಯಿತು ಅಕ್ಕಾ. ಇದು ಮಾತ್ರ ಸೆಲ್‌ನದೇ ಕೆಲಸ. ಬೋರ್ಡ್ ಮೇಲೆ ರೂಪಾಯಿ ನಾಣ್ಯದ ಹಾಗೆ ಇರುತ್ತದೆ, ಸಿಆರ್2032 ಅಂತ ಕೇಳಿ. ಹನ್ನೊಂದು ವರ್ಷ ಬಾಳಿದ್ದೇ ಹೆಚ್ಚು. ಕರೆಂಟ್ ಹೋದಾಗ ಸೆಲ್ ಹಿಡಿದಿಡದೆ ಬಯೋಸ್ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗಿದೆ, ಬೂಟ್ ಆರ್ಡರ್ ತಿರುಗಿದೆ. ಸೆಲ್ ಬದಲಿಸಿ, ಬಯೋಸ್‌ಗೆ ಹೋಗಿ ಮೂರು ನೋಡಿ: ತಾರೀಕು, ಸಿಎಸ್‌ಎಂ ಆನ್, ಮಿಂಟ್ ಡಿಸ್ಕ್ ಮೊದಲು. ಈ ಮೂರನ್ನೂ ಎಫ್12ರ ಚೀಟಿಯ ಕೆಳಗೇ ಬರೆದುಬಿಡಿ.

ಪ್ರತಿ ಮಾಡಿಸುವುದು ಒಳ್ಳೇ ಯೋಚನೆ. ಕ್ಲೋನ್ ಮಾಡಿದ ಡಿಸ್ಕ್‌ಗೂ ಮೂಲ ಡಿಸ್ಕ್‌ಗೂ ಗುರುತಿನ ಸಂಖ್ಯೆ ಒಂದೇ ಇರುತ್ತದೆ. ಎರಡನ್ನೂ ಒಟ್ಟಿಗೆ ಸೇರಿಸಿ ವಿಂಡೋಸ್ ತೆರೆದರೆ, ಅದು ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ಗುರುತು ಬದಲಿಸಿ ಬೂಟ್ ಕೆಡಿಸಬಹುದು. ಕ್ಲೋನ್ ಮುಗಿದ ತಕ್ಷಣ ಆಫ್ ಮಾಡಿ, ಮೂಲ ಡಿಸ್ಕ್ ಬಿಚ್ಚಿ, ಪ್ರತಿಯನ್ನು ಮಾತ್ರ ಹಾಕಿ ಸೆವೆನ್ ತೆರೆಯಿರಿ. ಪೇಜ್‌ಮೇಕರ್‌ನಲ್ಲಿ ಒಂದು ಹಳೇ ಫೈಲ್ ತೆರೆದು, ಡಾಂಗಲ್ ಒಪ್ಪಿತಾ ನೋಡಿ, ಒಂದು ಪುಟ ಪ್ರಿಂಟ್ ತೆಗೆಯಿರಿ. ಸರಿ ಬಂದರೆ ಅದನ್ನು ಬಿಚ್ಚಿ, ಮೇಲೆ ತಾರೀಕು ಬರೆದು ಬೀರುವಿನಲ್ಲಿಡಿ, ಮೂಲ ಡಿಸ್ಕ್ ಮತ್ತೆ ಹಾಕಿಕೊಳ್ಳಿ. ಆಮೇಲಿನ ಹೊಸ ಫೈಲುಗಳು ಆ ಪ್ರತಿಯಲ್ಲಿ ಇರುವುದಿಲ್ಲ, ಅವನ್ನು ವಾರಕ್ಕೊಮ್ಮೆ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕುತ್ತಿರಿ.